ಟೆಂಪಲ್ ಕೂಲಿ: ಧಾತು-ಈಶ್ವರ ಬರದ ಶಿಬಿರಗಳು ಮತ್ತು ಒಬ್ಬ ಅಧಿಕಾರಿಯ ಬದುಕು

ಟೆಂಪಲ್, ಸರ್ ರಿಚರ್ಡ್ (1826–1902): ಬ್ರಿಟಿಷ್ ಭಾರತದ ಆಡಳಿತಾಧಿಕಾರಿ. 1877ರಲ್ಲಿ ದಕ್ಷಿಣದ ಬರಪರಿಹಾರದ ಉಸ್ತುವಾರಿಗೆಂದು ಬಂದು, ಪರಿಹಾರ ಶಿಬಿರಗಳಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಕಾಳಿನ ಬೆಲೆಗೆ, ಮೇಲೊಂದು ಆಣೆಗೆ ಇಳಿಸಿದವನು. ಹೆಂಗಸರಿಗೆ, ಮಕ್ಕಳಿಗೆ ಅದಕ್ಕೂ ಕಡಿಮೆ. ಈ ಅಳತೆಗೆ ಇತಿಹಾಸದಲ್ಲಿ ಅವನ ಹೆಸರೇ ನಿಂತಿದೆ: ಟೆಂಪಲ್ ಕೂಲಿ. ಯಾತನಾ ಶಿಬಿರ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ನಾಜಿಗಳ ಔಶ್ವಿಟ್ಸ್, ದಕಾವ್. ಶಿಬಿರ ನಡೆಸಿದವನೆಂದರೆ ಕಣ್ಣಿಗೆ ಕಟ್ಟುವುದು ಬೂಟು, ಚಾಟಿ, ಸಮವಸ್ತ್ರ. ನಮ್ಮ ಬಯಲುಸೀಮೆಯ ಅಂಚಿನಲ್ಲಿ ಎದ್ದ ಶಿಬಿರಗಳಲ್ಲಿ ಚಾಟಿ ಮುಖ್ಯವಾಗಿರಲಿಲ್ಲ, ತಕ್ಕಡಿ ಮುಖ್ಯವಾಗಿತ್ತು. ಟೆಂಪಲ್ ದ್ವೇಷದಿಂದ ಕೆಲಸ ಮಾಡಿದವನಲ್ಲ, ಅಜ್ಞಾನದಿಂದ ಮಾಡಿದವನೂ ಅಲ್ಲ. ಹಸಿದವರನ್ನು ಬದುಕಿಸುವುದು ಹೇಗೆಂದು ಮೂರೇ ವರ್ಷ ಹಿಂದೆ ತಾನೇ ಮಾಡಿ ತೋರಿಸಿದ್ದವನು ಅದನ್ನು ಕೈಬಿಟ್ಟ. ಆದ್ದರಿಂದ ಅವನ ಹೊಣೆಯನ್ನು ಕಾಲದ ಮೇಲೆ, ಮಳೆಯ ಮೇಲೆ, ಮೇಲಧಿಕಾರಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ ಎಂಬುದು ಈ ಲೇಖನದ ವಾದ.

ಆ ಬರ ತಟ್ಟಿದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲೂಕುಗಳು. ಆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾದದ್ದು ಇನ್ನೂ ಈಚೆಗೆ, 2018ರಲ್ಲಿ. 1876ರಲ್ಲಿ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಸೀಮೆ ಚಿತ್ರದುರ್ಗಕ್ಕೂ ಸೇರಿದ್ದವು. ಎಲ್ಲವೂ ಮೈಸೂರು ಸಂಸ್ಥಾನದ ಒಳಗಿನವು. ಆದರೆ ಆಗ ಮೈಸೂರನ್ನು ಆಳುತ್ತಿದ್ದವರು ಒಡೆಯರಲ್ಲ. ಈ ಸುತ್ತಿನ ರೈತರು ಕೂಟ ಕಟ್ಟಿ ಎದ್ದ 1830–31ರ ನಗರ ದಂಗೆಯನ್ನು ಮುಂದೊಡ್ಡಿ ಕಂಪನಿ ಸರ್ಕಾರ 1831ರಲ್ಲಿ ಆಡಳಿತವನ್ನು ಕಸಿದುಕೊಂಡಿತ್ತು. 1881ರವರೆಗೆ ಅಧಿಕಾರ ಬ್ರಿಟಿಷ್ ಕಮಿಷನರರ ಕೈಯಲ್ಲೇ ಉಳಿಯಿತು. ಸುತ್ತಣ ಗಡಿಯನ್ನೂ ಗಮನಿಸಬೇಕು. ಜಗಳೂರಿನಿಂದ ಉತ್ತರಕ್ಕೆ ನಡೆದರೆ ಹರಪನಹಳ್ಳಿ, ಕೂಡ್ಲಿಗಿ: ಆಗ ಅವು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಹೊನ್ನಾಳಿಯ ಆಚೆ ರಾಣೆಬೆನ್ನೂರು, ಹಿರೇಕೆರೂರು: ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಒಂದೇ ಮಾತು, ಒಂದೇ ಬೆಳೆ, ಒಂದೇ ಮುಗಿಲು. ಸರ್ಕಾರ ಮಾತ್ರ ಮೂರು. ಟೆಂಪಲ್ 1877ರ ಮೊದಲ ತಿಂಗಳುಗಳಲ್ಲಿ ವೈಸರಾಯನ ಪ್ರತಿನಿಧಿಯಾಗಿ ಮದರಾಸಿನ ಬರನೀತಿಯನ್ನು ತಿದ್ದಿದ. ಅದೇ ವರ್ಷ ಮುಂಬಯಿಯ ಗವರ್ನರನಾಗಿ ಧಾರವಾಡ, ಬೆಳಗಾವಿ, ಕಲಾದಗಿಗಳನ್ನು ಆಳಿದ. ಈ ನಾಲ್ಕು ತಾಲೂಕುಗಳ ಎರಡು ಮಗ್ಗುಲಲ್ಲೂ ಅವನ ಮಾತೇ ನಡೆಯುತ್ತಿತ್ತು ಎಂದರೆ ಅತಿಶಯೋಕ್ತಿಯಾಗದು.

1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಅದು ಧಾತು ಸಂವತ್ಸರ. ಮುಂದಿನ ಈಶ್ವರದಲ್ಲೂ ಮಳೆ ತಡವಾಯಿತು. ಹಳೆ ಮೈಸೂರಿನಲ್ಲಿ ಈ ಬರಕ್ಕೆ ಇಸವಿಯ ಹೆಸರಿಲ್ಲ, ಸಂವತ್ಸರದ ಹೆಸರೇ ಇದೆ: ಧಾತು-ಈಶ್ವರ ಬರ. ಮಲೆನಾಡಿನ ಸೆರಗಿನಲ್ಲಿರುವ ಶಿವಮೊಗ್ಗ ಜಿಲ್ಲೆಗಿಂತ ಚಿತ್ರದುರ್ಗಕ್ಕೆ ಬಿದ್ದ ಪೆಟ್ಟು ದೊಡ್ಡದು. ಚನ್ನಗಿರಿಗೆ ಸೂಳೆಕೆರೆಯಂಥ ಮಹಾಕೆರೆಯ ಆಸರೆ ಇತ್ತು, ಹೊನ್ನಾಳಿಗೆ ತುಂಗಭದ್ರೆ ಇತ್ತು. ರಾಗಿ, ಜೋಳ, ನವಣೆಗೆ ಮುಗಿಲನ್ನೇ ನಂಬಿದ ಜಗಳೂರಿಗೆ ಅಂಥ ಆಸರೆ ಯಾವುದೂ ಇರಲಿಲ್ಲ. ಮಲೆನಾಡು ಮತ್ತು ಬಯಲುಸೀಮೆಯ ಸರಕು ಕೈಬದಲಾಗುತ್ತಿದ್ದ ನ್ಯಾಮತಿಯ ಪೇಟೆಗೂ ಕಾಳು ಬರಬೇಕಾದರೆ ಎತ್ತಿನ ಗಾಡಿಯೇ ಗತಿ. ರೈಲು ಬೆಂಗಳೂರಿಗೂ ಬಳ್ಳಾರಿಗೂ ಬಂದಿತ್ತು. ನಡುವಿನ ಈ ಸೀಮೆಗೆ ಬಂದಿರಲಿಲ್ಲ. ಮೇವಿಲ್ಲದೆ ಎತ್ತುಗಳು ಸತ್ತ ಮೇಲೆ ಗಾಡಿಯೂ ನಿಂತಿತು. ಬಂದರಿನಲ್ಲಿ ಕಾಳಿನ ಮೂಟೆಗಳು ಪೇರಿಸಿಕೊಂಡು ಬಿದ್ದಿದ್ದಾಗಲೂ ಒಳನಾಡಿನಲ್ಲಿ ಜನ ಸತ್ತದ್ದು ಹೀಗೆ. ಕಾಳಿರಲಿಲ್ಲ ಎಂಬುದು ಅರ್ಧ ಸತ್ಯ; ಕೊಳ್ಳಲು ಕಾಸಿರಲಿಲ್ಲ, ಕಾಸು ಕೊಡಬೇಕಾದ ಕೂಲಿ ಬಿಗಿಯಾಗಿತ್ತು ಎಂಬುದು ಉಳಿದರ್ಧ. ಇತಿಹಾಸಕಾರ ಮೈಕ್ ಡೇವಿಸ್ ತೋರಿಸಿರುವಂತೆ, ಇದೇ ಬರದ ನಡುವೆ 3 ಲಕ್ಷ ಟನ್ನಿಗೂ ಮಿಕ್ಕ ಭಾರತದ ಗೋಧಿ ಯುರೋಪಿಗೆ ಹಡಗೇರಿತು.

ಟೆಂಪಲ್ ಹುಟ್ಟಿದ್ದು 1826ರ ಮಾರ್ಚ್ 8ರಂದು, ಇಂಗ್ಲೆಂಡಿನ ವೂಸ್ಟರ್‌ಶೈರಿನ ಜಮೀನ್ದಾರಿ ಮನೆತನದಲ್ಲಿ. ರಗ್ಬಿ ಶಾಲೆಯಲ್ಲೂ ಕಂಪನಿಯ ಹೇಲಿಬರಿ ಕಾಲೇಜಿನಲ್ಲೂ ಓದಿ ಬಂಗಾಳದ ಸಿವಿಲ್ ಸರ್ವಿಸ್ ಸೇರಿದ. ಪಂಜಾಬಿನಲ್ಲಿ ಜಾನ್ ಲಾರೆನ್ಸನ ಕೈಕೆಳಗೆ ಪಳಗಿದ. ಮಧ್ಯಪ್ರಾಂತದ ಚೀಫ್ ಕಮಿಷನರ್, ಹೈದರಾಬಾದಿನ ರೆಸಿಡೆಂಟ್, ವೈಸರಾಯನ ಮಂಡಲಿಯಲ್ಲಿ ಹಣಕಾಸಿನ ಸದಸ್ಯ, ಹೀಗೆ ಮೆಟ್ಟಿಲು ಏರುತ್ತ ಹೋದ. ದಣಿವರಿಯದ ದುಡಿಮೆಗಾರನೆಂದು ಹೆಸರು ಮಾಡಿದ್ದ. ಕುದುರೆ ಸವಾರಿ, ಜಲವರ್ಣದ ಚಿತ್ರ ಅವನ ಹವ್ಯಾಸ. ಇವನ ಬದುಕನ್ನು ಅಳೆಯಲು ನಿಜವಾದ ಅಳತೆಗೋಲು ಸಿಗುವುದು 1874ರ ಬಿಹಾರದ ಬರದಲ್ಲಿ. ಅದಕ್ಕೆ ಎಂಟು ವರ್ಷ ಮೊದಲು ಒಡಿಶಾದಲ್ಲಿ ಸುಮಾರು 10 ಲಕ್ಷ ಜನ ಹಸಿವಿಗೆ ಬಲಿಯಾಗಿದ್ದರು. ಅದು ಮರುಕಳಿಸಬಾರದೆಂದು ವೈಸರಾಯ್ ನಾರ್ತ್‌ಬ್ರೂಕ್ ಟೆಂಪಲ್‌ನ ಕೈಗೆ ಬಿಹಾರವನ್ನು ಒಪ್ಪಿಸಿದ. ಟೆಂಪಲ್ ಬರ್ಮಾದಿಂದ ಸುಮಾರು 5 ಲಕ್ಷ ಟನ್ ಅಕ್ಕಿ ತರಿಸಿದ, ಹಳ್ಳಿ ಹಳ್ಳಿಗೆ ತಲುಪಿಸಿದ, ಕೆಲಸ ಮಾಡಲಾಗದವರಿಗೆ ಕೂತಲ್ಲೇ ಕಾಳು ಕೊಡಿಸಿದ. ಸರ್ಕಾರಿ ಲೆಕ್ಕದಲ್ಲಿ ಹಸಿವಿನಿಂದ ಸತ್ತವರು 23 ಮಂದಿ. ಆ ಎಣಿಕೆಯಲ್ಲಿ ಒಂದಿಷ್ಟು ಬಿಟ್ಟುಹೋಗಿದ್ದರೂ, ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಅಂಥ ಯಶಸ್ಸು ಇನ್ನೊಂದಿಲ್ಲ. ಅದಕ್ಕೆ ಅವನಿಗೆ ಸಿಕ್ಕಿದ್ದು ಮೆಚ್ಚುಗೆಗಿಂತ ಹೆಚ್ಚಾಗಿ ಬೈಗುಳ. ಖರ್ಚು ಹೆಚ್ಚಾಯಿತು, ಜನರನ್ನು ಸೋಮಾರಿಗಳನ್ನಾಗಿ ಮಾಡಿದ, ವ್ಯಾಪಾರದ ಸಹಜ ಗತಿಗೆ ಅಡ್ಡ ಬಂದ ಎಂದು ಲಂಡನ್ನಿನ ಪತ್ರಿಕೆಗಳೂ ಅಧಿಕಾರವಲಯವೂ ಅವನ ಮೇಲೆ ಮುಗಿಬಿದ್ದವು. ಹಸಿದವರನ್ನು ಉಳಿಸಿದ್ದೇ ಅವನ ನೌಕರಿಗೆ ಕಳಂಕವಾಯಿತು.

1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆಸಿ ವೈಸರಾಯ್ ಲಿಟ್ಟನ್ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿಯೆಂದು ಸಾರಿಸಿದ. ದಕ್ಷಿಣದಲ್ಲಿ ಜನ ಊರು ಬಿಟ್ಟು ಹೊರಟಿದ್ದ ವೇಳೆ ಅಲ್ಲಿ ವಾರವಿಡೀ ಔತಣ ನಡೆಯಿತು. ಆ ದರ್ಬಾರಿನಿಂದಲೇ ಟೆಂಪಲ್ ಮದರಾಸಿನ ಕಡೆ ಹೊರಟದ್ದು. ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಪರಿಹಾರಕ್ಕೆ ಕೈಬಿಚ್ಚಿ ಖರ್ಚು ಮಾಡುತ್ತಿದ್ದಾನೆ, ಅದನ್ನು ಬಿಗಿಮಾಡಬೇಕು ಎಂಬುದು ಅವನಿಗೆ ಕೊಟ್ಟ ಕೆಲಸ. ಟೆಂಪಲ್ ಬಿಗಿಮಾಡಿದ. ಪರಿಹಾರ ಕಾಮಗಾರಿಗಳಿಂದ ಸುಮಾರು 5 ಲಕ್ಷ ಜನರನ್ನು ಅವನ ಪ್ರವಾಸ ಹೊರಹಾಕಿತು ಎನ್ನುತ್ತಾರೆ ಡೇವಿಸ್. ಉಳಿದವರು ಊರ ಹತ್ತಿರದ ಸಣ್ಣ ಕೆಲಸ ಬಿಟ್ಟು ದೂರದ ದೊಡ್ಡ ಕಾಮಗಾರಿಗೆ ನಡೆದು ಹೋಗಬೇಕು, ಅಲ್ಲಿಯೇ ತಂಗಬೇಕು. ಮೈಲಿಗಟ್ಟಲೆ ನಡೆದು ಬಂದವನಿಗೆ ಮಾತ್ರ ನಿಜವಾದ ಹಸಿವಿದೆ ಎಂಬುದು ಈ 'ದೂರದ ಪರೀಕ್ಷೆ'ಯ ತರ್ಕ. ನಡೆಯಲು ಶಕ್ತಿ ಇಲ್ಲದವನೇ ಎಲ್ಲರಿಗಿಂತ ಹೆಚ್ಚು ಹಸಿದವನು ಎಂಬ ಸರಳ ಸಂಗತಿಗೆ ಅದರಲ್ಲಿ ಜಾಗವಿರಲಿಲ್ಲ. ಅಲ್ಲಿ ಸಿಗುತ್ತಿದ್ದ ಕೂಲಿಯನ್ನು ನಮ್ಮ ಅಡುಗೆಮನೆಗೆ ತಂದು ನೋಡೋಣ. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ರಾಗಿಯಾದರೆ ಬೀಸಿ, ಜರಡಿ ಹಿಡಿದು, ಮುದ್ದೆ ಕಟ್ಟಿದರೆ ಮೂರೋ ನಾಲ್ಕೋ ಮುದ್ದೆ. ದಿನವಿಡೀ ಬಿಸಿಲಲ್ಲಿ ಕೂತು ಜಲ್ಲಿ ಒಡೆಯುವ, ಇಲ್ಲವೇ ಕೆರೆಯ ಹೂಳು ತುಂಬಿದ ಮಂಕರಿ ಹೊತ್ತು ಏರಿ ಹತ್ತುವ ಆಳಿನ ಒಂದು ದಿನದ ಅನ್ನ ಅದು. ಬೇಳೆ, ಉಪ್ಪು, ಮೆಣಸಿನಕಾಯಿ, ಸೌದೆ ಎಲ್ಲವೂ ಮಿಕ್ಕ ಒಂದು ಆಣೆಯಲ್ಲೇ ಆಗಬೇಕು. ಮುದ್ದೆ ಇದ್ದರೂ ಸಾರಿಲ್ಲ. ಮನೆಯಲ್ಲಿ ದುಡಿಯಲಾಗದ ಮುದುಕಿ ಇದ್ದರೆ ಆ ಮುದ್ದೆಯಲ್ಲೂ ಪಾಲು.

ಈ ಕೂಲಿ ಸಾಲದೆಂದು ಹೇಳಿದವರು ಆಗಲೇ ಇದ್ದರು. ಮದರಾಸಿನ ಸ್ಯಾನಿಟರಿ ಕಮಿಷನರ್, ವೈದ್ಯ ವಿಲಿಯಂ ಕಾರ್ನಿಷ್ ಜೈಲುಗಳ ಆಹಾರವನ್ನು ಅಭ್ಯಾಸ ಮಾಡಿದ್ದವನು. ಕೈದಿಗೆ ಸಿಗುವುದಕ್ಕಿಂತ ಕಡಿಮೆ ತಿಂದು ಕೈದಿಗಿಂತ ಹೆಚ್ಚು ದುಡಿಯಲು ಯಾವ ದೇಹಕ್ಕೂ ಆಗದು. ಕನಿಷ್ಠ ಒಂದೂವರೆ ಪೌಂಡು ಕಾಳು, ಜೊತೆಗೆ ಬೇಳೆ, ತರಕಾರಿ ಬೇಕು ಎಂದು ಅವನು ಬರೆದ. ಟೆಂಪಲ್ ಒಪ್ಪಲಿಲ್ಲ, ಇದು ಪ್ರಯೋಗ, ನೋಡೋಣ ಎಂಬುದು ಅವನ ನಿಲುವು. ಫಲಿತಾಂಶ ಬೇಗ ಬಂತು. ಶಿಬಿರಗಳ ಸಾವಿನ ಪ್ರಮಾಣವನ್ನು ವರ್ಷದ ಲೆಕ್ಕಕ್ಕೆ ತಂದಾಗ ನೂರಕ್ಕೆ 94ಕ್ಕೆ ಮುಟ್ಟಿತ್ತೆಂದು ಕಾರ್ನಿಷ್ ತೋರಿಸಿದ್ದನ್ನು ಡೇವಿಸ್ ದಾಖಲಿಸಿದ್ದಾರೆ. ಟೆಂಪಲ್ ಕೂಲಿಯಿಂದ ಸಿಗುತ್ತಿದ್ದ ಶಕ್ತಿ ದಿನಕ್ಕೆ 1,627 ಕ್ಯಾಲೊರಿ, 1944ರಲ್ಲಿ ನಾಜಿಗಳ ಬೂಖನ್‌ವಾಲ್ಡ್ ಶಿಬಿರದ ಕೈದಿಗೆ 1,750 ಕ್ಯಾಲೊರಿ ಎಂಬ ಅವರ ಹೋಲಿಕೆ ಈಗ ಪ್ರಸಿದ್ಧ. ಮುಂಬಯಿ ಪ್ರಾಂತ್ಯದಲ್ಲಿ ಕೂಲಿಯ ವಿರುದ್ಧ ಜನ ತಂಡತಂಡವಾಗಿ ಕೆಲಸ ಬಿಟ್ಟು ನಡೆದರು. ಪುಣೆಯ 'ಸಾರ್ವಜನಿಕ ಸಭೆ' ಎಂಬ ಸಂಘ ಅವರ ಬೆನ್ನಿಗೆ ನಿಂತು ಸರ್ಕಾರಕ್ಕೆ ಬರೆಯಿತು. ಹಸಿದವರು ಹೂಡಿದ ಆ ಮುಷ್ಕರ ನಮ್ಮ ಶಾಲಾಪುಸ್ತಕಗಳಲ್ಲಿ ಸ್ವಾತಂತ್ರ್ಯ ಹೋರಾಟದ ಮೊದಲ ಪುಟಗಳ ಪಕ್ಕ ಕೂರಬೇಕಾದದ್ದು. ಕೆಲವೇ ತಿಂಗಳಲ್ಲಿ ಮದರಾಸು ಸರ್ಕಾರ ಕೂಲಿಯನ್ನು ಮತ್ತೆ ಏರಿಸಬೇಕಾಯಿತು. ಅಷ್ಟರಲ್ಲಿ ಬಳಲಿದ ದೇಹಗಳಿಗೆ ಕಾಲರಾ ಹೊಕ್ಕಿತ್ತು.

ಟೆಂಪಲ್‌ನ ಪರವಾಗಿ ಹೇಳಬಹುದಾದ ಮಾತುಗಳಿವೆ. ಅವನ್ನು ತೂಗಿ ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಮಳೆ ಹೋದದ್ದು ಅವನ ತಪ್ಪೇ ಎಂದು ಕೇಳಬಹುದು. ಅಲ್ಲ. ಆದರೆ ಬಿಹಾರದಲ್ಲೂ ಮಳೆ ಹೋಗಿತ್ತು. ಅಲ್ಲಿಗೂ ಇಲ್ಲಿಗೂ ಸಾವಿನ ಅಂತರ ಹುಟ್ಟಿದ್ದು ಮುಗಿಲಿನಲ್ಲಲ್ಲ. ಆ ಕಾಲಕ್ಕೆ ಆಹಾರವಿಜ್ಞಾನ ಬೆಳೆದಿರಲಿಲ್ಲ ಎಂಬುದು ಇನ್ನೊಂದು ಮಾತು. ಕ್ಯಾಲೊರಿಯ ಲೆಕ್ಕ ಗೊತ್ತಿರಲಿಲ್ಲ, ನಿಜ. ಆದರೆ ಜೈಲಿನ ತಕ್ಕಡಿ ಗೊತ್ತಿತ್ತು, ಕಾರ್ನಿಷ್‌ನ ವರದಿ ಮೇಜಿನ ಮೇಲಿತ್ತು. ಲಿಟ್ಟನ್ ಹೇಳಿದ್ದನ್ನು ಅವನು ಮಾಡಿದ, ಮಾಡದಿದ್ದರೆ ಇನ್ನೊಬ್ಬ ಬಂದು ಮಾಡುತ್ತಿದ್ದ ಎಂಬ ವಾದಕ್ಕೆ ಹೆಚ್ಚು ತೂಕವಿದೆ. ಲಿಟ್ಟನ್‌ನ ಪಾಲು ದೊಡ್ಡದು, ಅದನ್ನು ತಗ್ಗಿಸಬೇಕಾಗಿಲ್ಲ. ಆದರೂ ಟೆಂಪಲ್ ಆಗ ಐವತ್ತು ದಾಟಿದ, ಬಂಗಾಳವನ್ನು ಆಳಿದ್ದ, ಬ್ಯಾರೊನೆಟ್ ಪದವಿ ಪಡೆದಿದ್ದ ಹಿರಿಯ ಅಧಿಕಾರಿ. ಆಗುವುದಿಲ್ಲ ಎಂದು ಹೇಳಿದ್ದರೆ ಅವನು ಬೀದಿಗೆ ಬೀಳುತ್ತಿರಲಿಲ್ಲ. ಬಿಹಾರದ ಪರಿಹಾರವನ್ನು ತಾನೇ ನಡೆಸಿದವನಾದ್ದರಿಂದ ಅವನ ಮಾತಿಗೆ ಬೇರೆಯವರ ಮಾತಿಗಿಲ್ಲದ ಬೆಲೆಯೂ ಇತ್ತು. ಆ ಬೆಲೆಯನ್ನು ಅವನು ಉಳಿಸುವ ಕಡೆ ಬಳಸಲಿಲ್ಲ, ಕಡಿತಕ್ಕೆ ಮುದ್ರೆ ಒತ್ತಲು ಬಳಸಿದ. ಬಿಹಾರದ ಬೈಗುಳ ತಿಂದವನು ಈ ಬಾರಿ ಮಿತವ್ಯಯದ ಹೆಸರು ಗಳಿಸಿ ಕಳಂಕ ತೊಳೆದುಕೊಂಡ. ಅದೇ ವರ್ಷ ಅವನಿಗೆ ಮುಂಬಯಿಯ ಗವರ್ನರ್ ಗಾದಿ ಒಲಿದು ಬಂತು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಹೋಲಿಕೆಯ ಬಗ್ಗೆ. ಔಶ್ವಿಟ್ಸಿನಲ್ಲಿ ಸುಮಾರು 11 ಲಕ್ಷ ಜನರನ್ನು, ಅವರಲ್ಲಿ ಹೆಚ್ಚಿನವರು ಯಹೂದಿಗಳು, ಕೊಲ್ಲಬೇಕೆಂದೇ ತಂದು ಕೊಂದರು. ಅದರ ಕಮಾಂಡೆಂಟ್ ರುಡಾಲ್ಫ್ ಹೋಸ್‌ನನ್ನು 1947ರ ಏಪ್ರಿಲ್ 16ರಂದು ಅದೇ ಆವರಣದಲ್ಲಿ ಗಲ್ಲಿಗೇರಿಸಲಾಯಿತು. ಟೆಂಪಲ್‌ನ ಶಿಬಿರಕ್ಕೆ ಮುಳ್ಳುತಂತಿ ಇರಲಿಲ್ಲ. ಜನ ತಾವಾಗಿ ಬಂದರು, ಬಿಟ್ಟು ಹೋಗಬಹುದಿತ್ತು. ಒಂದು ಜನಾಂಗವನ್ನೇ ಅಳಿಸುವ ಉದ್ದೇಶ ಅಲ್ಲಿ ಇರಲಿಲ್ಲ. ಈ ವ್ಯತ್ಯಾಸ ದೊಡ್ಡದು. ಅದನ್ನು ಅಳಿಸಿ ಎರಡನ್ನೂ ಒಂದೇ ಎನ್ನುವುದು ಎರಡೂ ಕಡೆ ಸತ್ತವರಿಗೆ ಮಾಡುವ ಅನ್ಯಾಯ. ಆದ್ದರಿಂದ ಟೆಂಪಲ್‌ನನ್ನು ಹೋಸ್ ಎನ್ನಲಾಗದು. ಆದರೆ ಶಿಬಿರ ಎಂಬ ವ್ಯವಸ್ಥೆಯ ವಂಶಾವಳಿ ಬರೆಯುವಾಗ ಅವನನ್ನು ಬಿಟ್ಟು ಬರೆಯಲೂ ಆಗದು. ಬಿಟ್ಟು ಹೋಗಬಹುದಾಗಿದ್ದ ಆ ಜನರಿಗೆ ಹೋಗಲು ಜಾಗವಿರಲಿಲ್ಲ. ಹಸಿವೇ ಅಲ್ಲಿ ಬೇಲಿ. 1900ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಬ್ರಿಟಿಷರು ಬೋಯರ್ ರೈತಕುಟುಂಬಗಳನ್ನು ಕೂಡಿಹಾಕಿದ ಶಿಬಿರಗಳಿಗೇ 'ಕಾನ್ಸಂಟ್ರೇಷನ್ ಕ್ಯಾಂಪ್' ಎಂಬ ಹೆಸರು ಇಂಗ್ಲಿಷಿನಲ್ಲಿ ಮನೆಮಾತಾಯಿತು. ಅಲ್ಲಿ ಸುಮಾರು 28,000 ಬೋಯರರು ಸತ್ತರು, ಹೆಚ್ಚಿನವರು ಮಕ್ಕಳು. ಬೇರೆ ಶಿಬಿರಗಳಲ್ಲಿ ಸತ್ತ ಕಪ್ಪು ಆಫ್ರಿಕನ್ನರೂ ಸಾವಿರಾರು. ಗಂಡಸರು ಇನ್ನೂ ಯುದ್ಧದಲ್ಲಿದ್ದ ಮನೆಗಳಿಗೆ ಮೊದಮೊದಲು ಪಡಿ ಕಡಿಮೆ ಕೊಡಲಾಗುತ್ತಿತ್ತು. ಆ ಶಿಬಿರಗಳನ್ನು ಸುಧಾರಿಸಲು ಕರೆಸಿಕೊಂಡದ್ದು ಭಾರತದ ಅನುಭವಿಗಳನ್ನು. ಬರ ಮತ್ತು ಪ್ಲೇಗಿನ ಶಿಬಿರಗಳಲ್ಲಿ ಪಳಗಿದ ಕೈಗಳು ಅಲ್ಲಿ ಹೇಗೆ ಬಳಕೆಯಾದವು ಎಂಬುದನ್ನು ಇತಿಹಾಸಕಾರ ಏಡನ್ ಫೋರ್ತ್ ವಿವರವಾಗಿ ಬರೆದಿದ್ದಾರೆ. ಜನರನ್ನು ಒಂದೆಡೆ ಸೇರಿಸಿ, ತಲೆ ಎಣಿಸಿ, ಪಡಿ ಅಳೆದು, ಅಳತೆಯಿಂದಲೇ ಅಂಕೆಯಲ್ಲಿಡುವ ವಿದ್ಯೆಯ ಒಂದು ಪಾಠಶಾಲೆ ಬಳ್ಳಾರಿ, ಕರ್ನೂಲುಗಳ ಬಯಲು.

ಮೈಸೂರಿನ ಮಟ್ಟಿಗೆ ಟೆಂಪಲ್‌ನ ಹೊಣೆಯನ್ನು ಹಿಗ್ಗಿಸಬಾರದು. ಇಲ್ಲಿ ಆಡಳಿತ ಚೀಫ್ ಕಮಿಷನರನದು. ಇಲ್ಲಿ ಮೊದಲು ಹೆಚ್ಚಾಗಿ ನಡೆದದ್ದು ಗಂಜಿಕೇಂದ್ರಗಳು; 1877ರ ಸೆಪ್ಟೆಂಬರಿನಲ್ಲಿ ಲಿಟ್ಟನ್ ಬಂದುಹೋದ ಮೇಲೆ ಚಾರ್ಲ್ಸ್ ಎಲಿಯಟ್ ಬರದ ಕಮಿಷನರನಾಗಿ ನೇಮಕವಾಗಿ, ದೊಡ್ಡ ಕಾಮಗಾರಿಗಳ ಕಡೆ ಜನರನ್ನು ತಿರುಗಿಸಲಾಯಿತು. ಬೆಂಗಳೂರು–ಮೈಸೂರು ರೈಲುಹಾದಿಯ ಮಣ್ಣುಕೆಲಸ ಶುರುವಾದದ್ದು ಆ ಬರದಲ್ಲೇ. ಕೆಲಸವಿಲ್ಲದೆ ಅನ್ನ ಕೊಟ್ಟರೆ ಜನ ಕೆಡುತ್ತಾರೆ ಎಂಬ ನಂಬಿಕೆ ಮಾತ್ರ ಮೂರೂ ಸರ್ಕಾರಗಳಲ್ಲಿ ಒಂದೇ. ಫಲವನ್ನು ಜನಗಣತಿ ಹೇಳುತ್ತದೆ: 1871ರಲ್ಲಿ ಮೈಸೂರಿನ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಸಹಜವಾಗಿ ಆಗಬೇಕಿದ್ದ ಏರಿಕೆಯನ್ನು ಬಿಟ್ಟರೂ 8,69,224 ಜನ ಕಡಿಮೆ. ಈ ನಾಲ್ಕು ತಾಲೂಕುಗಳ ಇಂದಿನ ಅಷ್ಟೂ ಜನರನ್ನು ಸೇರಿಸಿ ಕಲ್ಪಿಸಿಕೊಂಡರೆ ಆ ಸಂಖ್ಯೆಯ ಗಾತ್ರ ತುಸು ಮನಸ್ಸಿಗೆ ನಿಲುಕೀತು. ಒಡೆಯರಿಗೆ 1881ರ ಮಾರ್ಚ್ 25ರಂದು ರಾಜ್ಯ ಮರಳಿ ಸಿಕ್ಕಾಗ ಜೊತೆಗೆ ಬಂದದ್ದು ಬರದ 80 ಲಕ್ಷ ರೂಪಾಯಿ ಸಾಲ. ದಕ್ಷಿಣ ಭಾರತದ ಒಟ್ಟು ಸಾವಿನ ಅಂದಾಜುಗಳು 55 ಲಕ್ಷದಿಂದ ಮೇಲಕ್ಕೇ ಹೋಗುತ್ತವೆ.

ಈ ಬರದಿಂದ ಪಾಠ ಕಲಿತು 1880ರ ಬರ ಆಯೋಗ, ಅದರ ಬೆನ್ನಿಗೆ ಬರ ಸಂಹಿತೆಗಳು ಬಂದವು, ಮುಂದಿನವರಿಗೆ ಅದು ಒಳ್ಳೆಯದಾಯಿತು ಎನ್ನುವವರಿದ್ದಾರೆ. ಸಂಹಿತೆಗಳು ಬಂದದ್ದು ನಿಜ. ಕೆಲವೆಡೆ ಜೀವ ಉಳಿಸಿದ್ದೂ ನಿಜ. ಆದರೆ ಆ ಪಾಠ 1874ರಲ್ಲೇ ಬರೆದಿಟ್ಟಾಗಿತ್ತು. ಅದನ್ನು ಬರೆದವನೇ ಹರಿದು ಹಾಕಿದ. ಟೆಂಪಲ್ 1880ರಲ್ಲಿ ಇಂಗ್ಲೆಂಡಿಗೆ ಮರಳಿ ಚುನಾವಣೆಗೆ ನಿಂತು ಸೋತ; 1885ರಲ್ಲಿ ಗೆದ್ದು ಹತ್ತು ವರ್ಷ ಪಾರ್ಲಿಮೆಂಟಿನಲ್ಲಿ ಕೂತ. ಆತ್ಮಕಥೆ ಸೇರಿ ಹಲವು ಪುಸ್ತಕ ಬರೆದ. ಮುಂಬಯಿಯಲ್ಲಿ ಅವನ ಪ್ರತಿಮೆ ನಿಂತಿತು. ಯಾವ ನ್ಯಾಯಾಲಯವೂ ಅವನನ್ನು ಏನನ್ನೂ ಕೇಳಲಿಲ್ಲ. ಅವನ ಮಗ ರಿಚರ್ಡ್ ಕಾರ್ನಾಕ್ ಟೆಂಪಲ್ ಪಂಜಾಬಿನ ಜನಪದ ಕಥೆಗಳನ್ನು ಸಂಗ್ರಹಿಸಿದ ವಿದ್ವಾಂಸ. ಅಂಡಮಾನಿನ ಸೆಲ್ಯುಲರ್ ಜೈಲಿನ ಗೋಡೆಗಳು ಏಳುತ್ತಿದ್ದ ವರ್ಷಗಳಲ್ಲಿ ಆ ದ್ವೀಪಗಳ ಚೀಫ್ ಕಮಿಷನರ್ ಅವನೇ. ಅಪ್ಪ ತೀರಿಕೊಂಡದ್ದು 1902ರ ಮಾರ್ಚ್ 15ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ.

ಸತ್ತವರ ಕಡೆಯ ದಾಖಲೆ ಇಷ್ಟು ಅಚ್ಚುಕಟ್ಟಾಗಿಲ್ಲ. ನಮ್ಮ ಕಂದಾಯ ಇಲಾಖೆಯ ಪುಸ್ತಕಗಳಲ್ಲಿ 'ಬೇಚರಾಕ್' ಎಂದು ಬರೆದ ಗ್ರಾಮಗಳಿವೆ. ದೀಪ ಹಚ್ಚುವವರಿಲ್ಲದ ಊರು ಎಂದು ಅದರ ಅರ್ಥ. ಸರ್ವೆ ನಂಬರು ಇದೆ, ಗಡಿಕಲ್ಲು ಇದೆ, ಹಾಳು ಗುಡಿಯ ಪಾದ ಇದೆ, ಮನೆ ಮಾತ್ರ ಇಲ್ಲ. ಅವೆಲ್ಲ ಧಾತು-ಈಶ್ವರದಲ್ಲೇ ಹಾಳಾದವಲ್ಲ; ಕೆಲವು ದಂಡಿನ ಹಾವಳಿಗೆ, ಕೆಲವು ಪ್ಲೇಗಿಗೆ, ಕೆಲವು ನೀರಿನ ಕೊರತೆಗೆ ಖಾಲಿಯಾದವು. ಯಾವುದು ಯಾವುದಕ್ಕೆ ಎಂದು ಬಿಡಿಸಿ ನೋಡಲು ಹಳೆಯ ಜಮಾಬಂದಿ ಲೆಕ್ಕ, 1871 ಮತ್ತು 1881ರ ಜನಗಣತಿ, ಊರ ಹಿರಿಯರ ನೆನಪು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಇತಿಹಾಸದ ಮೇಷ್ಟ್ರುಗಳು, ಪದವಿ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಹೋಬಳಿಯ ಬೇಚರಾಕ್ ಗ್ರಾಮಗಳ ಪಟ್ಟಿಯನ್ನು ಮೊದಲು ಕೈಗೆತ್ತಿಕೊಳ್ಳಲಿ.